ಇಲಿ ಬಿದ್ದ ವರ್ಷ ಮತ್ತು ಒಂದು ನಿಧಾನದ ಆಟ

ಕಳೆದ ನವೆಂಬರಿನಲ್ಲಿ ನೋಯ್ಡಾದ ಗಾಳಿ ಕೆಟ್ಟು ಮಗಳ ಶಾಲೆ ಮತ್ತೆ ಆನ್‌ಲೈನ್ ಆಯಿತು. ನಮ್ಮ ಆಫೀಸಿನವರೂ ಒಂದು ವಾರ ಮನೆಯಿಂದಲೇ ಕೆಲಸ ಮಾಡಿ ಎಂದರು. ಕಿಟಕಿಗಳನ್ನು ಮುಚ್ಚಿ, ಏರ್ ಪ್ಯೂರಿಫೈಯರ್ ಹಚ್ಚಿ ಮೂವರೂ ಒಳಗೇ ಕೂತೆವು. ಎಂಟನೇ ಕ್ಲಾಸಿನ ಮಗಳು ಸೇಲಿನಲ್ಲಿ 'ಎ ಪ್ಲೇಗ್ ಟೇಲ್: ಇನ್ನೊಸೆನ್ಸ್' ಎಂಬ ವಿಡಿಯೋ ಗೇಮ್ ಕೊಂಡಳು. ಎರಡು ಗಂಟೆ ಆಡಿ ಕಂಟ್ರೋಲರನ್ನು ನನ್ನ ಮಡಿಲಿಗೆ ಹಾಕಿದಳು.

"ಅಪ್ಪಾ, ಇದರಲ್ಲಿ ಏನೂ ಆಗಲ್ಲ. ಬರೀ ಬಚ್ಚಿಟ್ಟುಕೊಂಡು ಕೂರೋದು, ತಮ್ಮನ ಕೈ ಹಿಡ್ಕೊಂಡು ನಡೆಯೋದು. ನೀನೇ ಆಡು, ನಿನಗೆ ಹಿಸ್ಟರಿ ಇಷ್ಟ ಅಲ್ವಾ?"

ನಾನು ಪ್ರಾಜೆಕ್ಟ್ ಮ್ಯಾನೇಜರ್. ಯಾವುದಕ್ಕೂ ಎಷ್ಟು ಗಂಟೆ ಬೇಕು, ಕೊನೆಗೆ ಕೈಗೆ ಏನು ಬರುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು. ಹತ್ತು ಹನ್ನೆರಡು ಗಂಟೆ ಹಿಡಿಯುವ, ಗುಂಡು ಹಾರದ, ಓಡುವುದಕ್ಕಿಂತ ಅಡಗಿ ಕೂರುವುದೇ ಹೆಚ್ಚಾದ ಈ ಆಟ ಆ ಲೆಕ್ಕಕ್ಕೆ ಹೊಂದುವುದಿಲ್ಲ. ಆದರೂ ಒಂಬತ್ತು ರಾತ್ರಿ ಕೂತು ಮುಗಿಸಿದೆ. ಅದು ಟೀಮಿನ ಹುಡುಗರಿಗೆ ಗೊತ್ತಾದಾಗ ಅವರು ಕೇಳಿದ್ದು ಒಂದೇ: "ವರ್ತ್ ಇದೆಯಾ ಸರ್?" ಆಗ ಎರಡು ಮಾತು ಹೇಳಿ ತಪ್ಪಿಸಿಕೊಂಡೆ. ಸರಿಯಾದ ಉತ್ತರ ಕೊಡಬೇಕಾದರೆ ನಾನು 1898ರ ಬೆಂಗಳೂರಿಗೆ ಹೋಗಬೇಕಾಗುತ್ತದೆ.

ಮೊದಲು ಆಟದ ವಿಷಯ. ಇದನ್ನು ಮಾಡಿದ್ದು ಫ್ರಾನ್ಸಿನ ಬೋರ್ಡೋ ನಗರದ ಅಸೋಬೊ ಸ್ಟುಡಿಯೋ. ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರನ್ನು 2020ರಲ್ಲಿ ಹೊಸದಾಗಿ ಕಟ್ಟಿದವರೂ ಇವರೇ. ಈ ಆಟ ಬಂದದ್ದು 2019ರ ಮೇನಲ್ಲಿ. ಕತೆ ನಡೆಯುವುದು 1348ರಲ್ಲಿ, ಅವರ ಊರಿನ ಸುತ್ತಲಿನ ಸೀಮೆಯಲ್ಲೇ. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ, ಅದರ ಮೇಲೆ ಪ್ಲೇಗು. ಹದಿನೈದರ ಹುಡುಗಿ ಅಮೀಸಿಯಾ, ಐದು ವರ್ಷದ ಅವಳ ತಮ್ಮ ಹ್ಯೂಗೋ. ಹ್ಯೂಗೋನ ರಕ್ತದಲ್ಲಿ ಏನೋ ವಿಚಿತ್ರ ಕಾಯಿಲೆ ಇದೆ. ಧರ್ಮವಿಚಾರಣೆಯ ದಳದವರು ಅವನನ್ನು ಹಿಡಿದೊಯ್ಯಲು ಮನೆಗೆ ನುಗ್ಗುತ್ತಾರೆ. ಅಲ್ಲಿಂದ ಅಕ್ಕ ತಮ್ಮ ಇಬ್ಬರೂ ಅಡಗುತ್ತಾ ಓಡುತ್ತಾರೆ.

ಅಮೀಸಿಯಾಳ ಕೈಯಲ್ಲಿರುವುದು ಒಂದು ಕವಣೆ, ನಮ್ಮ ಹೊಲಗಳಲ್ಲಿ ಹಕ್ಕಿ ಓಡಿಸಲು ಬೀಸುತ್ತಿದ್ದರಲ್ಲ, ಅದೇ. ಇನ್ನೊಂದು ಕೈಯಲ್ಲಿ ತಮ್ಮ. ಅವನ ಕೈ ಹಿಡಿಯಲು, ಬಿಡಲು ಆಟದಲ್ಲಿ ಬೇರೆಯೇ ಒಂದು ಬಟನ್ ಇದೆ. ಕೈ ಬಿಟ್ಟು ದೂರ ಹೋದರೆ ಅವನು ಹೆದರುತ್ತಾನೆ, ಕೂಗುತ್ತಾನೆ. ಕೂಗಿದರೆ ಕಾವಲಿನವರು ತಿರುಗುತ್ತಾರೆ. ಮಗಳಿಗೆ ಬೇಸರ ತಂದದ್ದು ಇದೇ. ನನ್ನನ್ನು ಎರಡನೇ ರಾತ್ರಿಯೂ ಕೂರಿಸಿದ್ದು ಕೂಡ ಇದೇ, ಏಕೆಂದರೆ ಈ ದೃಶ್ಯವನ್ನು ನಾನು ಚಿಕ್ಕಂದಿನಲ್ಲೇ ಕೇಳಿದ್ದೆ.

ನಮ್ಮಜ್ಜಿ ತನ್ನ ತಾಯಿಯ ಕತೆ ಹೇಳುತ್ತಿದ್ದರು. ಆ ಮುತ್ತಜ್ಜಿ ಬೆಂಗಳೂರಿನ ಬಳೇಪೇಟೆ ಕಡೆಯ ಒಂದು ವಠಾರದಲ್ಲಿ ಬೆಳೆದವರು. ಅವರ ಮನೆಯವರು ಆ ಕಾಲವನ್ನು ಇಸವಿಯಿಂದ ಹೇಳುತ್ತಿರಲಿಲ್ಲ, 'ಇಲಿ ಬಿದ್ದ ವರ್ಷ' ಎನ್ನುತ್ತಿದ್ದರು. ಮುತ್ತಜ್ಜಿಗೆ ಆಗ ಹತ್ತು ವರ್ಷ, ತಮ್ಮನಿಗೆ ನಾಲ್ಕು. ತಮ್ಮನಿಗೆ ಜ್ವರ ಬಂದು ಕಂಕುಳಲ್ಲಿ ಗೆಡ್ಡೆ ಎದ್ದಿತು. ಮನೆಮನೆ ತಪಾಸಣೆಯವರು ಬೀದಿಯ ತುದಿಗೆ ಬಂದಿದ್ದಾರೆಂದು ಸುದ್ದಿ ಬಂತು. ಅವರ ತಾಯಿ ಮಗುವನ್ನು ಅಟ್ಟದ ಮೇಲೆ ರಾಗಿ ವಾಡೆಯ ಹಿಂದೆ ಮಲಗಿಸಿ, ಮಗಳನ್ನೂ ಹತ್ತಿಸಿ, "ಅವನ ಕೈ ಬಿಡಬೇಡ, ಅತ್ತರೆ ಎತ್ಕೊಂಡು ಹೋಗ್ತಾರೆ" ಎಂದರಂತೆ. ಕೆಳಗೆ ಬೂಟಿನ ಸದ್ದು, ಕೋಲಿನಿಂದ ಪಾತ್ರೆ ತಟ್ಟುವ ಸದ್ದು. ಅಟ್ಟಕ್ಕೆ ಯಾರೂ ಹತ್ತಲಿಲ್ಲ. ಮಗು ಅಳಲಿಲ್ಲ. ಮೂರನೇ ದಿನ ತೀರಿಕೊಂಡಿತು.

ಅಜ್ಜಿ ಇಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಮಗುವನ್ನು ಬಚ್ಚಿಡಬೇಕೆಂದರೆ ಆ ಮನೆಯಲ್ಲೇ ಇರಬೇಕಿತ್ತು. ಅಕ್ಕಪಕ್ಕದವರು ಇಲಿ ಬಿದ್ದ ಕೂಡಲೇ ಗಂಟುಮೂಟೆ ಕಟ್ಟಿ ಊರಾಚೆ ಹೋಗಿದ್ದರು. ಇವರು ಹೋಗಲಿಲ್ಲ. ವಾರ ಕಳೆಯುವುದರೊಳಗೆ ಅದೇ ಮನೆಯಲ್ಲಿದ್ದ ಚಿಕ್ಕಮ್ಮನೂ ಹೋದರು. "ಕಳಿಸಿದ್ದರೆ ಬದುಕ್ತಿದ್ದನೋ ಏನೋ" ಎಂದು ಮುತ್ತಜ್ಜಿ ಕೊನೆಯವರೆಗೂ ಹೇಳುತ್ತಿದ್ದರಂತೆ. ಚಿಕ್ಕಮ್ಮನ ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲವಂತೆ.

ಆಟ ಮುಗಿದ ಮೇಲೆ ಈ ಕತೆಯನ್ನು ಇತಿಹಾಸದ ಪಕ್ಕದಲ್ಲಿ ಇಟ್ಟು ನೋಡಬೇಕೆನಿಸಿತು. ಹೀಗಿದೆ ಅದು.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ಬ್ಯಾಕ್ಟೀರಿಯಾ ಕಂಡುಹಿಡಿದರು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಬಳಿ ರೋಗ ಕಾಣಿಸಿತು. ಯಾವ ರೋಗಾಣು ಎಂದು ಗೊತ್ತಿತ್ತು, ಅದು ಮನುಷ್ಯನಿಗೆ ಹೇಗೆ ಬರುತ್ತದೆಂದು ಗೊತ್ತಿರಲಿಲ್ಲ. ಕೊಳೆ, ಕತ್ತಲೆ, ಮನುಷ್ಯರ ಒಡನಾಟ ಇವೇ ಕಾರಣವೆಂದು ಸರ್ಕಾರ ನಂಬಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಮನೆಯೊಳಗೆ ಹೋಗಬಹುದು, ಪ್ರಯಾಣಿಕರನ್ನು ನಿಲ್ಲಿಸಿ ಪರೀಕ್ಷಿಸಬಹುದು, ರೋಗಿಯನ್ನು ಆಸ್ಪತ್ರೆಗೂ ಉಳಿದವರನ್ನು ಕ್ಯಾಂಪಿಗೂ ಒಯ್ಯಬಹುದು ಎಂದಾಯಿತು. ಮುಂಬಯಿಯಲ್ಲಿ ವಾಸಕ್ಕೆ ಯೋಗ್ಯವಲ್ಲವೆಂದು ಕಂಡ ಮನೆಗಳ ಗೋಡೆಗೆ 'ಯು.ಎಚ್.ಎಚ್.' ಎಂದು ಬರೆದರು. ಪುಣೆಯಲ್ಲಿ ಸಿಪಾಯಿಗಳೇ ಮನೆ ಹೊಕ್ಕು ಹುಡುಕಿದರು. ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು 1897ರ ಜೂನ್ 22ರ ರಾತ್ರಿ.

ಅಲ್ಲಿಂದ ರೋಗ ರೈಲಿನ ದಾರಿ ಹಿಡಿಯಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಆಗ ಬೆಂಗಳೂರೆಂದರೆ ಎರಡು ಊರು: ಮೈಸೂರು ಸಂಸ್ಥಾನದ ಕೈಯಲ್ಲಿದ್ದ ಪೇಟೆ, ಬ್ರಿಟಿಷರ ಕೈಯಲ್ಲಿದ್ದ ದಂಡು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ಆಡಳಿತ ನಡೆಸುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ದಿವಾನರು ಕೆ. ಶೇಷಾದ್ರಿ ಅಯ್ಯರ್. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ಪೇಟೆಯ ಇಕ್ಕಟ್ಟಾದ ಮನೆಗಳಿಗೆ ತಪಾಸಣೆಯವರು ಬಂದರು. ಔಷಧದ ನೀರು ಚೆಲ್ಲಿದರು, ಗಾಳಿ ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು. ಜನ ಕಾಯಿಲೆಗಿಂತ ಆಸ್ಪತ್ರೆಗೆ ಹೆಚ್ಚು ಹೆದರಿದರು. ಒಳಗೆ ಹೋದವರು ತಿರುಗಿ ಬರುವುದು ಅಪರೂಪ, ಯಾರು ಮುಟ್ಟುತ್ತಾರೋ, ಏನು ಉಣಿಸುತ್ತಾರೋ, ಸತ್ತರೆ ಹೆಣವಾದರೂ ಸಿಗುತ್ತದೋ ಇಲ್ಲವೋ ಎಂಬ ಭಯ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ಎದ್ದಿತು. ಇತ್ತ ನಮ್ಮ ಉತ್ತರದಲ್ಲಿ, 1900ರ ಏಪ್ರಿಲಿನಲ್ಲಿ, ಕಾನ್ಪುರದ ಜನ ಪ್ಲೇಗ್ ಕ್ಯಾಂಪಿಗೇ ಬೆಂಕಿ ಇಟ್ಟರು.

ಹಾಗಾದರೆ ಮುತ್ತಜ್ಜಿಯ ತಾಯಿ ಮಾಡಿದ್ದು ಸರಿಯೋ ತಪ್ಪೋ? ಆಟದಲ್ಲಿ ಈ ಪ್ರಶ್ನೆಯೇ ಇಲ್ಲ. ಹುಡುಕುವವರೆಲ್ಲ ದುಷ್ಟರು, ಅಡಗುವವರು ಮುಗ್ಧರು. ಇತಿಹಾಸದಲ್ಲಿ ಅಷ್ಟು ಸುಲಭವಿಲ್ಲ.

ಬೆಂಗಳೂರಿಗೆ ಪ್ಲೇಗು ಬಂದ 1898ರಲ್ಲೇ, ಅದಕ್ಕೆ ಎರಡು ತಿಂಗಳು ಮೊದಲು, ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಒಂದು ಪ್ರಯೋಗ ಮಾಡಿದರು. ರೋಗ ಇಲಿಯಿಂದ ಇಲಿಗೆ ದಾಟುವುದು ಅದರ ಮೈಮೇಲಿನ ಚಿಗಟದಿಂದ ಎಂದು ತೋರಿಸಿದರು. ಇಲಿ ಸತ್ತು ತಣ್ಣಗಾದಾಗ ಚಿಗಟ ಅದನ್ನು ಬಿಟ್ಟು ಬೇರೆ ಬಿಸಿ ಮೈ ಹುಡುಕುತ್ತದೆ. ಆ ಮೈ ಮನುಷ್ಯನದೂ ಆಗಬಹುದು. ಈ ಮಾತನ್ನು ವೈದ್ಯಲೋಕ ಒಪ್ಪಲು ಹತ್ತಿರಹತ್ತಿರ ಹತ್ತು ವರ್ಷ ಬೇಕಾಯಿತು. ಅಷ್ಟರವರೆಗೆ ಸರ್ಕಾರ ಹುಡುಕಿದ್ದು ರೋಗಿಯನ್ನು. ಓಡಿಹೋಗಬೇಕಿದ್ದದ್ದು ಮನೆಯಿಂದ.

ನಮ್ಮ ಹಳ್ಳಿಗಳ ಜನಕ್ಕೆ ಚಿಗಟದ ವಿಷಯ ಗೊತ್ತಿರಲಿಲ್ಲ. ಆದರೆ ಅಟ್ಟದಿಂದ ಇಲಿ ಬಿದ್ದರೆ ಮನೆ ಬಿಡಬೇಕೆಂದು ಗೊತ್ತಿತ್ತು. ಊರಾಚೆ ತೋಪಿನಲ್ಲೋ ಹೊಲದಲ್ಲೋ ಗರಿಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. 'ಇಲಿ ಬಿತ್ತು' ಎಂಬ ನಮ್ಮ ಮಾತಿನಲ್ಲೇ ಸರಿಯಾದ ತಿಳಿವಳಿಕೆ ಇದೆ. ಆಟದ ಇಲಿಗಳು ಕಪ್ಪು ಪ್ರವಾಹದಂತೆ ನೆಲದಿಂದ ಉಕ್ಕಿ ಮನುಷ್ಯರನ್ನು ತಿನ್ನುತ್ತವೆ. ನೋಡಲು ಭಯಂಕರ, ವಿಷಯವಾಗಿ ಸುಳ್ಳು. ಪ್ಲೇಗಿನಲ್ಲಿ ಇಲಿ ಮೊದಲು ಸಾಯುತ್ತದೆ. ಅನಂತಮೂರ್ತಿಯವರ 'ಸಂಸ್ಕಾರ' ಓದಿದವರಿಗೆ ಅಗ್ರಹಾರದಲ್ಲಿ ಹೊರಬಂದು ಸಾಯುವ ಇಲಿಗಳು ನೆನಪಿರುತ್ತವೆ. ಭೈರಪ್ಪನವರ 'ಗೃಹಭಂಗ'ದಲ್ಲಿ ನಂಜಮ್ಮ ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಕಳೆದುಕೊಳ್ಳುವ ಪುಟಗಳನ್ನು ಒಮ್ಮೆ ಓದಿದವರು ಮರೆಯುವುದಿಲ್ಲ. ಭೈರಪ್ಪನವರು ತಮ್ಮ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲೇ ಕಳೆದುಕೊಂಡವರು. ಆ ಎರಡೂ ಪುಸ್ತಕಗಳಲ್ಲಿ ಇಲಿ ಶತ್ರುವಲ್ಲ, ಮುನ್ಸೂಚನೆ.

ಆದ್ದರಿಂದ ಮುತ್ತಜ್ಜಿಯ ಕೊರಗಿಗೆ ಇತಿಹಾಸ ಒಂದು ಅರ್ಧ ಸಮಾಧಾನ ಕೊಡುತ್ತದೆ. 1898ರ ಆಸ್ಪತ್ರೆಯಲ್ಲಿ ಪ್ಲೇಗಿಗೆ ಮದ್ದಿರಲಿಲ್ಲ. ಹಾಫ್ಕಿನ್ ಅವರ ಲಸಿಕೆ ಇತ್ತು, ಅದು ಮುಂಚೆ ಹಾಕಿಸಿಕೊಳ್ಳುವಂಥದ್ದು. ರೋಗ ಬಂದ ಮೇಲೆ ನಿಜವಾಗಿ ಕೆಲಸ ಮಾಡುವ ಔಷಧ ಕೈಗೆ ಬಂದದ್ದು 1940ರ ದಶಕದಲ್ಲಿ. ಕಳಿಸಿದ್ದರೂ ಆ ಮಗು ಬಹುಶಃ ಉಳಿಯುತ್ತಿರಲಿಲ್ಲ, ಅಪರಿಚಿತರ ನಡುವೆ ಸಾಯುತ್ತಿತ್ತು. ಅಟ್ಟದಲ್ಲಿ ಅಕ್ಕನ ಕೈಯಾದರೂ ಇತ್ತು. ಉಳಿದರ್ಧ ಕಹಿಯಾದದ್ದು. ಬಚ್ಚಿಟ್ಟದ್ದರಿಂದ ಮಗುವಿಗೆ ಕೆಡುಕಾಗಲಿಲ್ಲ, ಇಲಿ ಬಿದ್ದ ಮನೆಯಲ್ಲಿ ಉಳಿಯಬೇಕಾಗಿ ಬಂದ ಚಿಕ್ಕಮ್ಮನಿಗೆ ಆಯಿತು.

ಇದನ್ನು ಯೋಚಿಸುವಂತೆ ಮಾಡಿದ್ದೂ ಆ ಆಟವೇ. ಅದರಲ್ಲಿ ಇಲಿಗಳಿಗೆ ಬೆಳಕೆಂದರೆ ಆಗದು. ದೀಪದ ಸುತ್ತ ಒಂದು ವೃತ್ತ, ಅದರೊಳಗೆ ಜೀವ ಉಳಿಯುತ್ತದೆ. ಕಾವಲಿನವನ ಕೈಯಲ್ಲೂ ಒಂದು ಲಾಂದ್ರ. ಕೆಲವೆಡೆ ಮುಂದೆ ಹೋಗಬೇಕಾದರೆ ಕವಣೆ ಬೀಸಿ ಆ ಲಾಂದ್ರ ಒಡೆಯಬೇಕು. ದೀಪ ಆರುತ್ತದೆ, ಇಲಿಗಳು ಅವನ ಮೇಲೆ ಬೀಳುತ್ತವೆ, ಅವನು ಕೂಗುತ್ತಾನೆ, ನನ್ನ ದಾರಿ ತೆರೆಯುತ್ತದೆ. ಮೊದಲ ಸಲ ಹಾಗೆ ಮಾಡಿದಾಗ ನಾನು ಆಟ ನಿಲ್ಲಿಸಿ ನೀರು ಕುಡಿದು ಬಂದೆ. ಐದನೇ ಸಲ ನಿಲ್ಲಿಸಲಿಲ್ಲ. ಅಭ್ಯಾಸವಾಗಿತ್ತು.

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ಈ ಲೇಖನ ಬರೆಯಲು ಕೂತದ್ದೇ ಬಹುಶಃ ಇದಕ್ಕಾಗಿ.

2020ರಲ್ಲಿ ಕೋವಿಡ್ ಬಂದಾಗ ರಾಜ್ಯಗಳು ಮತ್ತೆ ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆಯನ್ನು. ದೆಹಲಿಯಲ್ಲಿ ಸೋಂಕಿತರ ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸಿದರು. ಅದು ಕೋರ್ಟಿಗೆ ಹೋಗಿ, 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸಬಾರದು ಎಂದಿತು. ಪೋಸ್ಟರ್ ಹೋಯಿತು, ಭಯ ಹೋಗಲಿಲ್ಲ. 2021ರ ಏಪ್ರಿಲಿನಲ್ಲಿ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸೋಂಕಿತರ ಫ್ಲ್ಯಾಟ್ ನಂಬರುಗಳು ಓಡಾಡುತ್ತಿದ್ದವು. ಹೆಸರು ಬಂದರೆ ಹಾಲು ಬರುವುದಿಲ್ಲ, ಲಿಫ್ಟಿನಲ್ಲಿ ಯಾರೂ ಜೊತೆಗೆ ಬರುವುದಿಲ್ಲ. ಹೊರಗೆ ದೆಹಲಿ ಆಮ್ಲಜನಕಕ್ಕೆ ಬಾಯಿ ಬಿಡುತ್ತಿತ್ತು. ಆ ವಾರ ನನಗೆ ಜ್ವರ ಬಂತು. ಬರೀ ಸೆಖೆಗೆ ಬಂದದ್ದು ಎಂದು ನಾನೇ ನನಗೆ ಹೇಳಿಕೊಂಡೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಆ ಎರಡು ದಿನವೂ ಅಡುಗೆಯಾಕೆ ಬಂದು ರೊಟ್ಟಿ ಮಾಡಿಕೊಟ್ಟು ಹೋದರು. ಮೂರನೇ ದಿನ ವಾಸನೆ ಹೋದಾಗ, "ನಾವು ಊರಿಗೆ ಹೋಗ್ತಿದೀವಿ, ಎರಡು ವಾರ ಬರಬೇಡಿ" ಎಂದು ಹೆಂಡತಿಯ ಕೈಲಿ ಫೋನ್ ಮಾಡಿಸಿದೆ. ನಿಜ ಹೇಳಲಿಲ್ಲ.

ಜೂನಿನಲ್ಲಿ ಆಕೆ ತಿರುಗಿ ಬಂದಾಗ ಸೊರಗಿದ್ದರು. ಜ್ವರ ಬಂದಿತ್ತಂತೆ, ಮನೆಯಲ್ಲಿ ಅತ್ತೆಗೂ ಬಂದಿತ್ತಂತೆ, ಇಬ್ಬರೂ ಉಳಿದರು. "ನಾನು ಯಾವ ಮನೆಯವರಿಗೂ ಹೇಳಲಿಲ್ಲ ಸಾಹೇಬರೆ, ಹೇಳಿದ್ದರೆ ಐದು ಮನೆಯ ಕೆಲಸ ಹೋಗುತ್ತಿತ್ತು" ಎಂದರು. ನನ್ನಿಂದಲೇ ಬಂತೆಂದು ಹೇಳಲು ಸಾಕ್ಷ್ಯವಿಲ್ಲ. ಆ ತಿಂಗಳು ಯಾರಿಂದ ಯಾರಿಗೆ ಬಂತೆಂದು ಹೇಳುವಂತಿರಲಿಲ್ಲ. ಸಾಕ್ಷ್ಯವಿಲ್ಲ ಎಂಬುದರ ಹಿಂದೆ ನಾನು ನಾಲ್ಕು ವರ್ಷ ಅಡಗಿ ಕೂತಿದ್ದೇನೆ, ಅಷ್ಟೇ. ಬಳೇಪೇಟೆಯ ಆ ತಾಯಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ. ಎಂಟೆಕ್ ಓದಿದ ನನಗೆ ವೈರಸ್ ಹೇಗೆ ಹರಡುತ್ತದೆಂದು ಗೊತ್ತಿತ್ತು.

ಆದರೂ ಅಡಗುವವರನ್ನಷ್ಟೇ ದೂರಿದರೆ ಲೆಕ್ಕ ತಪ್ಪುತ್ತದೆ. ಹೇಳಿದರೆ ಶಿಕ್ಷೆ ಎಂಬಂತಿದ್ದರೆ ಜನ ಹೇಳುವುದಿಲ್ಲ. ಇದನ್ನು 1898ರ ಸರ್ಕಾರಗಳೂ ನಿಧಾನವಾಗಿ ಕಲಿತವು. ಬಲವಂತದ ಹುಡುಕಾಟ ಬರಬರುತ್ತಾ ಸಡಿಲವಾಯಿತು, ಮನೆ ಖಾಲಿ ಮಾಡಿಸಿ ಹೊರಗೆ ನೆಲೆ ಕೊಡುವುದು, ಲಸಿಕೆ, ಇಲಿ ಹಿಡಿಯುವುದು ಮುಂದೆ ಬಂದವು. ಬೆಂಗಳೂರಿನ ಮಟ್ಟಿಗೆ ಅದರ ಗುರುತು ಇವತ್ತಿಗೂ ಕಾಣುತ್ತದೆ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಆಚೆ ತರಲು ಬೆಳೆಸಿದ ಬಡಾವಣೆಗಳೇ ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಓಣಿ ಇವೆಲ್ಲ ಬರೀ ಸೊಗಸಿಗಾಗಿ ಬಂದವಲ್ಲ, ರೋಗದ ಭಯದಿಂದಲೂ ಬಂದವು. ಪೇಟೆಯ ಅಂಚಿನ ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರ ಡಿಸೆಂಬರಿನಲ್ಲಿ. ಜನ ತಮ್ಮ ಪಾಲಿಗೆ ಪ್ಲೇಗಮ್ಮನ ಗುಡಿಗಳನ್ನು ಕಟ್ಟಿಕೊಂಡರು. ಮಲ್ಲೇಶ್ವರದಲ್ಲಿ ಓದಿ ಗುರುಗ್ರಾಮಕ್ಕೋ ನೋಯ್ಡಾಕ್ಕೋ ಬಂದ ಎಷ್ಟು ಜನಕ್ಕೆ ತಮ್ಮ ಬೀದಿ ಹುಟ್ಟಿದ್ದು ಹೀಗೆಂದು ಗೊತ್ತಿದೆ? ನನಗಂತೂ ಗೊತ್ತಿರಲಿಲ್ಲ.

ಈಗ ಟೀಮಿನ ಹುಡುಗರ ಪ್ರಶ್ನೆಗೆ ಬರುತ್ತೇನೆ. ಆಟ ಆಡಲು ಯೋಗ್ಯವೇ?

ಹೊಡೆದಾಟ ಬೇಕೆನ್ನುವವರಿಗೆ ಅಲ್ಲ. ಒಗಟುಗಳು ಸುಲಭ, ದಾರಿ ಒಂದೇ, ಕಾವಲಿನವರು ಪೆದ್ದರು. ಕಲ್ಲಿನ ಸದ್ದು ಕೇಳಿ ಹತ್ತು ಸಲ ಅದೇ ಮೂಲೆಗೆ ಹೋಗಿ ನೋಡುತ್ತಾರೆ. ಕೊನೆಯ ಕೆಲವು ಅಧ್ಯಾಯಗಳಲ್ಲಿ ಕತೆ ಮಂತ್ರತಂತ್ರದ ಕಡೆಗೆ ಹಾರಿ, 1348ರ ನೆಲ ಕಾಲಡಿಯಿಂದ ಜಾರುತ್ತದೆ. ನಿಜವಾದ ಇತಿಹಾಸ ಅದಕ್ಕಿಂತ ಕ್ರೂರ. ಅದೇ 1348ರಲ್ಲಿ ಬೋರ್ಡೋಗೆ ಬಂದಿಳಿದ ಇಂಗ್ಲೆಂಡಿನ ರಾಜಕುಮಾರಿ ಜೋನ್ ಮದುವೆಗೆ ಹೋಗುವ ದಾರಿಯಲ್ಲೇ ಪ್ಲೇಗಿಗೆ ಬಲಿಯಾದಳು. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನ ಜನ ರೋಗ ತಂದವರು ಯಹೂದಿಗಳೆಂದು ಅವರನ್ನು ಸುಟ್ಟರು. ಆಟ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಆದರೂ ಆಡಿ ಎನ್ನುತ್ತೇನೆ. ಕಾರಣ ಅದರ ನಿಧಾನವೇ. ಪುಸ್ತಕದಲ್ಲಿ 'ಜನರು ರೋಗಿಗಳನ್ನು ಬಚ್ಚಿಟ್ಟರು' ಎಂಬುದು ಒಂದು ಸಾಲು. ಒಂದು ಸೆಕೆಂಡಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಇಲ್ಲಿ ಗಾಡಿಯ ಹಿಂದೆ ಕೂತು, ಬೂಟಿನ ಸದ್ದು ಹತ್ತಿರ ಬಂದು ದೂರವಾಗುವವರೆಗೆ, ಚಿಕ್ಕ ಹುಡುಗನ ಉಸಿರು ಕೇಳಿಸಿಕೊಳ್ಳುತ್ತಾ ಕಾಯಬೇಕು. ನಲವತ್ತು ವರ್ಷ ಅಜ್ಜಿಯ ಕತೆಯಾಗಿದ್ದ ಅಟ್ಟ ನನಗೆ ಮೊದಲ ಸಲ ಒಂದು ಜಾಗವಾಗಿ ಕಂಡಿತು. ಹಾಗೆಯೇ ಲಾಂದ್ರ ಒಡೆದ ಮೇಲೆ ಆಗುವುದನ್ನು ಬೇಗ ದಾಟಿಸದೆ ತೋರಿಸುತ್ತದೆ. ಅಡಗುವುದರ ಭಯವನ್ನೂ ಅದರ ಬೆಲೆಯನ್ನೂ ಒಟ್ಟಿಗೆ ಮೈಗೆ ಹತ್ತಿಸುವ ಕೆಲಸವನ್ನು ವೇಗದ ಆಟ ಮಾಡಲಾರದು.

ಆಡುವುದಾದರೆ ಫ್ರೆಂಚ್ ಧ್ವನಿ ಹಾಕಿ, ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಳ್ಳಿ. ದಿನಕ್ಕೆ ಒಂದೆರಡು ಅಧ್ಯಾಯ ಸಾಕು. ಪಕ್ಕದಲ್ಲಿ 'ಗೃಹಭಂಗ' ಇರಲಿ. ಊರಿನಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಈ ಭಾನುವಾರವೇ ಫೋನ್ ಮಾಡಿ, ಇಲಿ ಬಿದ್ದ ವರ್ಷದ ಬಗ್ಗೆ ಕೇಳಿ. ಅವರು ಕಂಡಿರದಿದ್ದರೂ ಕೇಳಿರುತ್ತಾರೆ. ನಾನು ಮಗಳಿಗೆ ಮುತ್ತಜ್ಜಿಯ ಕತೆ ಹೇಳಿದ ರಾತ್ರಿ ಅವಳು ಆ ತಮ್ಮನ ಹೆಸರು ಕೇಳಿದಳು. ಊರಿಗೆ ಫೋನ್ ಮಾಡಿದೆವು. ಅಮ್ಮನಿಗೂ ಗೊತ್ತಿಲ್ಲ, ಸೋದರಮಾವನಿಗೂ ಗೊತ್ತಿಲ್ಲ. ನಮ್ಮಜ್ಜಿ ಇದ್ದಾಗ ನಾನು ಕೇಳಬಹುದಿತ್ತು.

ಅಡುಗೆಯಾಕೆ ಈಗಲೂ ನಮ್ಮ ಮನೆಗೆ ಬರುತ್ತಾರೆ. ಹೋದ ವಾರ ಅವರನ್ನು ಕೂರಿಸಿ, 2021ರ ಆ ಎರಡು ದಿನದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗಲೇ ಹೇಳಿದ್ದರೆ ಅತ್ತೆಯನ್ನು ಬೇರೆ ಮಲಗಿಸುತ್ತಿದ್ದೆ" ಎಂದರು. ಆಮೇಲೆ ಎದ್ದು ಹಿಟ್ಟು ಕಲಸಲು ಹೋದರು.